ಹನ್ನೆರಡು ಗಂಟಿನ ಹಗ್ಗ

ಗುಣಿಸಿದರೆ ಒಂದು ಬಂತು. ಪೀರಪ್ಪ ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡು ಇನ್ನೊಮ್ಮೆ ಗುಣಿಸಿದ. ಎಂಟರಲ್ಲೊಂದನ್ನು ಎಂಟರಿಂದ ಗುಣಿಸಿದರೆ ಒಂದಲ್ಲದೆ ಮತ್ತೇನು ಬಂದೀತು, ಮೂಗು ಒರೆಸಿಕೊಳ್ಳಲು ಬಾರದ ಹುಡುಗನೂ ಹೇಳಿಯಾನು. ಆದರೆ ಬರಬೇಕಾಗಿದ್ದದ್ದು ಮೈನಸ್ ಒಂದು. ಎರಡು ಗೆರೆಗಳು ಒಂದಕ್ಕೊಂದು ಲಂಬವಾಗಿದ್ದರೆ ಅವುಗಳ ಇಳಿಜಾರುಗಳನ್ನು ಗುಣಿಸಿದಾಗ ಮೈನಸ್ ಒಂದೇ ಬರಬೇಕು, ಬಾರದಿದ್ದರೆ ಗೆರೆ ಸುಳ್ಳು ಎಂದು ಕಲಿಸಿದವರು ಕಮಲಾಪುರದ ಕರೀಂಸಾಬ್ ಮುನ್ಶಿಗಳು. ಅವರು ಹೋಗಿ ನಾಲ್ಕೂವರೆ ವರ್ಷವಾದರೂ ಯಾವ ನಕ್ಷೆಯ ಶೀಟು ಕೈಗೆ ಬಂದರೂ ಒಮ್ಮೆ ಗುಣಿಸಿ ನೋಡುವ ಚಟ ಪೀರಪ್ಪನಿಗೆ ಉಳಿದುಬಿಟ್ಟಿತ್ತು. ಈ ಒಂದು ಶೀಟನ್ನು ಮಾತ್ರ ಗುಣಿಸಿ ನೋಡಿರಲಿಲ್ಲ. ಅದಕ್ಕೆ ಹೆಡ್ ಸರ್ವೇಯರ್ ಅಣವೀರಪ್ಪನವರ ಸಹಿ ಬಿದ್ದಿತ್ತು, ಅದರ ಮೇಲೆ ದೊಡ್ಡ ಸಾಹೇಬರ ಸಹಿ ಬಿದ್ದಿತ್ತು, ಮೊಹರು ಒಣಗಿತ್ತು. ಇವತ್ತು ಆ ಗೆರೆಯ ಮೇಲೆ ಕಮಲಾಪುರದಲ್ಲಿ ಕಲ್ಲು ನೆಡಬೇಕು, ಜೀಪು ಹೊರಗೆ ನಿಂತು ಹಾರ್ನು ಹೊಡೆಯುತ್ತಿದೆ, ಈಗ ಈ ಹಾಳು ಚಟ ನೆನಪಾಯಿತು.

ತಪ್ಪು ಎಲ್ಲಿ ಆಯಿತೆಂದು ಹುಡುಕುವ ಕಷ್ಟವೂ ಇರಲಿಲ್ಲ. ಹಳೆಯ ನಕ್ಷೆ ಮುನ್ಶಿಗಳ ಕೈಯದು. ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಬರೆದು ಬರೆದು ರೂಢಿಯಾದ ಅವರು ಗಜಗಳನ್ನೂ ಕಾಗದದ ಬಲ ಅಂಚಿನಿಂದಲೇ ಎಣಿಸಿಕೊಂಡು ಎಡಕ್ಕೆ ಹೋಗುತ್ತಿದ್ದರು. ಹೊಸ ಸರಕಾರದ ಶೀಟು ಎಡದಿಂದ ಬಲಕ್ಕೆ. ನಕಲು ಇಳಿಸುವವನು ಒಂದೊಂದು ಗೆರೆಯ ಇಳಿಜಾರಿಗೂ ಚಿಹ್ನೆ ಬದಲಾಯಿಸಬೇಕು, ಅಷ್ಟೆ. ರಸ್ತೆಯ ಗೆರೆಗೆ ಮುನ್ಶಿಗಳು ಮೈನಸ್ ಎಂಟರಲ್ಲೊಂದು ಎಂದು ಬರೆದಿದ್ದರು; ಪೀರಪ್ಪ ಜಾಣನಂತೆ ಮೈನಸ್ ತೆಗೆದ. ಆ ರಸ್ತೆಗೆ ಲಂಬವಾಗಿ ಎರಡು ಹೊಲಗಳ ನಡುವೆ ಹಾಯುವ ಗಡಿಗೆರೆಗೆ ಮುನ್ಶಿಗಳು ಎಂಟು ಎಂದು ಬರೆದಿದ್ದರು. ಅದಕ್ಕೆ ಮೈನಸ್ ಹಚ್ಚಬೇಕಿತ್ತು. ಆ ಎರಡು ಗೆರೆಗಳ ನಡುವೆ ಅಣವೀರಪ್ಪನವರು ಒಳಕೋಣೆಯಿಂದ ಕೂಗಿದ್ದರು. "ಪೀರಪ್ಪಾ, ನಿನ್ನ ತಂಬಿಗಿ ನಮ್ಮ ನೀರಿನ ಹರವಿ ಹತ್ರ ಬಂದದ ನೋಡಪಾ, ಸ್ವಲ್ಪ ಆಕಡಿ ಸರಸು." ಅವನು ಎದ್ದು ಹೋಗಿ ತಂಬಿಗೆಯನ್ನು ಕಿಟಕಿಯ ಆಚೆ ಬದಿಗಿಟ್ಟು, ಯಾರೂ ನಗುತ್ತಿಲ್ಲವೆಂದು ನೋಡಿಕೊಂಡು, ಬಂದು ಕೂತು, ಮುಂದಿನ ಗೆರೆಯನ್ನು ಇದ್ದ ಹಾಗೆಯೇ ಇಳಿಸಿದ. ವೈ ಸಮ ಎಂಟು ಎಕ್ಸ್. ದುಂಡಗಿನ ಚೆಂದದ ಅಕ್ಷರ. ಕೆಳಗೆ ತನ್ನ ಹೆಸರನ್ನೂ ಬರೆದ.

ಕಾಗದದ ಮೇಲೆ ಅದೊಂದು ಗೀಟು, ಇರುವೆಯ ಕಾಲಿನಷ್ಟು. ನೆಲದ ಮೇಲೆ ಎಷ್ಟು? ರಸ್ತೆಯ ಕಲ್ಲಿನಿಂದ ನೂರಾ ಅರವತ್ತು ಗಜ ಉತ್ತರಕ್ಕೆ ಹೋದರೆ ಸರಿಯಾದ ಗೆರೆ ಇಪ್ಪತ್ತು ಗಜ ಪಶ್ಚಿಮಕ್ಕೆ ವಾಲಬೇಕು. ಅವನ ಗೆರೆ ಇಪ್ಪತ್ತು ಗಜ ಪೂರ್ವಕ್ಕೆ ವಾಲಿತ್ತು. ನಡುವೆ ಬಾಯಿ ತೆರೆದ ತ್ರಿಕೋನ, ಇಪ್ಪತ್ತಾರು ಗುಂಟೆಗೆ ಸ್ವಲ್ಪ ಮೇಲೆ. ಪಶ್ಚಿಮದ ಹೊಲ ದೌಲಪ್ಪನದು. ಪೂರ್ವದ್ದು ಜೈನಾಬಿಯದು, ಮುನ್ಶಿಗಳ ಹೆಂಡತಿಯದು. ಜಾಗೀರು ಹೋಗಿ ಅವರವರ ಹೊಲ ಅವರವರ ಹೆಸರಿಗೆ ಆಗುವ ಕಾಲಕ್ಕೆ ಆಕೆಯ ಕೆಂಪು ಬಾಳೆಗೆ ನೀರುಣಿಸುವ ಬಾವಿ ಸರಿಯಾಗಿ ಆ ತ್ರಿಕೋನದ ಹೊಟ್ಟೆಯೊಳಗೆ ಬಿದ್ದಿತ್ತು.  ಪೀರಪ್ಪ ಶೀಟನ್ನು ಸುತ್ತಿ ತಗಡಿನ ನಳಿಗೆಗೆ ಹಾಕಿ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಓಡಿದ.

"ಏನಪಾ, ಮದಿಮಗ ತಯಾರಾದಂಗ ಆಗ್ಲಾಕತ್ತಿ," ಎಂದರು ಅಣವೀರಪ್ಪನವರು. ಹಣೆಯ ತುಂಬ ವಿಭೂತಿ, ಮೂಗಿನ ತುಂಬ ನಶ್ಯ, ಮಾತಿಗೊಮ್ಮೆ ನಗು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಪೀರಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನನ್ನು ಈ ಕಚೇರಿಗೆ ಹಂಗಾಮಿ ನಕ್ಷೆಗಾರನೆಂದು ತೆಗೆದುಕೊಂಡವರು ಅವರೇ, ಕಾಯಂ ಮಾಡಿರೆಂದು ಮೇಲಕ್ಕೆ ಬರೆದವರೂ ಅವರೇ. ಅವನು ಹಿಂದೆ, ಸರಪಳಿಯ ಚೀಲದ ಮೇಲೆ, ಸರಪಳಿ ಹಿಡಿಯುವ ಮಾಪಣ್ಣನ ಪಕ್ಕ ಕೂತ. ಐವಾನ್-ಎ-ಶಾಹಿ ಬಂಗಲೆಯ ಗಿಡಗಳ ನೆರಳು ದಾಟಿ ಶರಣಬಸಪ್ಪನ ಗುಡಿಯ ಹತ್ತಿರ ಬಂದಾಗ ಅಣವೀರಪ್ಪನವರು ಜೀಪು ನಿಧಾನ ಮಾಡಿಸಿ ಕೈ ಮುಗಿದರು. ಪೀರಪ್ಪನೂ ಮುಗಿದ. ಕಾಯಂ ಆದ ದಿನ ಇಲ್ಲಿ ಕಾಯಿ ಒಡೆಸಬೇಕೆಂದು ಹೆಂಡತಿ ಶೇವಂತಾ ಬೇಡಿಕೊಂಡಿದ್ದಾಳೆ. ಕಾಯಿಯನ್ನು ತಂದು ಗಡಿಗೆಯ ಮೇಲೆ ಇಟ್ಟೂ ಆಗಿದೆ. ದಿನಾ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೀರಿದೆಯೇ ಎಂದು ನೋಡುತ್ತಾಳೆ. ಈಗ ಹೇಳಬೇಕು, ಊರು ದಾಟುವ ಮುಂಚೆ ಹೇಳಬೇಕು, ದಾಟಿದರೆ ತಿರುಗಿ ಬರುವವರು ಯಾರು ಎಂದುಕೊಂಡ. ಊರು ದಾಟಿತು.

"ಸಾಹೇಬ್ರ," ಎಂದ, ಜೀಪಿನ ಸದ್ದಿಗೆ ಕೇಳಿಸದಿದ್ದರೆ ಚೆನ್ನಾಗಿತ್ತೆಂಬ ದನಿಯಲ್ಲಿ. "ಆ ಶೀಟಿನಾಗ ಒಂದು ಚಿನ್ಹ... ಮತ್ತೊಮ್ಮಿ ನೋಡಬೇಕಾಗಿತ್ತೇನೋ ಅನಸ್ತದ್ರಿ."

ಅಣವೀರಪ್ಪನವರು ತಿರುಗಿ ಕೂತರು. ನಗು ಇನ್ನೂ ಮುಖದ ಮೇಲಿತ್ತು, ಆದರೆ ಅದರೊಳಗೆ ಯಾರೂ ಇರಲಿಲ್ಲ. "ಯಾವ ಚಿನ್ಹ? ಸಹಿ ಆಗ್ಯಾದಲ್ಲ?"

"ಆಗ್ಯಾದ್ರಿ."

"ಮತ್ತ? ಸಹಿ ಆದ ಮ್ಯಾಲ ಗೆರಿ ಅಂದ್ರ ಗೆರಿ. ಬ್ರಹ್ಮ ಹಣಿ ಮ್ಯಾಲ ಬರದಂಗ. ಆ ಯಂಕಪ್ಪಂದು ಏನಾತು, ಮರತೀಯೇನು?" ಮತ್ತೆ ದನಿ ತಗ್ಗಿಸಿ, ಮಗನಿಗೆ ಬುದ್ಧಿ ಹೇಳುವಂತೆ ಹೇಳಿದರು. "ನಿನ್ನ ಕಾಯಂ ಕಾಗದ ದೊಡ್ಡ ಸಾಹೇಬ್ರ ಮೇಜಿನ ಮ್ಯಾಲ ಅದ. ಇಂಥವ್ರ ಕೈಯಾಗ ನಕ್ಷಾ ಕೊಟ್ಟಾರ ಅಂತ ಮಂದಿ ಮೊದಲೇ ಹಲ್ಲು ಕಡೀಲಾಕತ್ತಾರ. ನಾ ಎಲ್ಲಾರ ಬಾಯಿ ಮುಚ್ಚಿಸಿ ಕುಂತೀನಿ. ಈ ತಿಂಗಳೊಂದು ತೆಪ್ಪಗಿರು ಮಾರಾಯ. ಅಳುಕು ಅದು, ಅಷ್ಟ. ಮೊದಲಮೊದಲ ನನಗೂ ಹಂಗ ಆಗ್ತಿತ್ತು."

ಯಂಕಪ್ಪ ಪೀರಪ್ಪನ ಓಣಿಯವನೇ. ಸಹಿಯಾದ ಶೀಟಿನಲ್ಲಿ ತನ್ನದೇ ತಪ್ಪನ್ನು ತಾನೇ ತೋರಿಸಿದ್ದಕ್ಕೆ, ಪ್ರಾಮಾಣಿಕ ಎಂದು ಎಲ್ಲರಿಂದ ಹೊಗಳಿಸಿಕೊಂಡು, ಮರುದಿನ ಮನೆಗೆ ಹೋದ. ಈಗ ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಾನೆ. ಪೀರಪ್ಪ ಕಂಡರೆ ನಕ್ಷೆಯ ಮಾತೆತ್ತುವುದಿಲ್ಲ, ಹೆಗಲು ಮಾತ್ರ ಒರೆಸಿಕೊಳ್ಳುತ್ತಾನೆ. ಹೌದ್ರಿ, ಅಳುಕು ಇರಬೇಕು ಎಂದ ಪೀರಪ್ಪ. ಹೇಳಿದ್ದೇನೆ ಎಂದು ಒಳಗೆ ಯಾರಿಗೋ ಲೆಕ್ಕ ಒಪ್ಪಿಸಿದ. ಹೇಳಲಿಲ್ಲ ಎಂದು ಆ ಯಾರೋ ತಕ್ಷಣ ಅಂದರು. ರಸ್ತೆಯ ಎರಡೂ ಬದಿಗೆ ಕೊಯ್ದ ಜೋಳದ ಕೂಳೆ, ನಡುನಡುವೆ ಜಾಲಿ. ಎಂಟು ಹೆಜ್ಜೆ ಪೂರ್ವಕ್ಕ ನಡಿ ಬೇಟಾ ಎನ್ನುತ್ತಿದ್ದರು ಮುನ್ಶಿಗಳು, ತಮ್ಮದೇ ಹೊಲದ ಕೂಳೆಯಲ್ಲಿ, ಕೊಡೆ ಬಿಚ್ಚಿ ಹಿಡಿದುಕೊಂಡು. ಈಗ ಒಂದು ಹೆಜ್ಜಿ ಉತ್ತರಕ್ಕ. ಇದು ನಿನ್ನ ಢಾಲ್, ನಿನ್ನ ಇಳಿಜಾರು, ಎಂಟಕ್ಕ ಒಂದು. ಈಗ ಇದಕ್ಕ ಲಂಬ ಹೋಗು ನೋಡೋಣು. ಕಮಲಾಪುರದ ಕೇರಿಯ ಹುಡುಗ, ಹತ್ತು ವರ್ಷದ ಪೀರ್ಯಾ, ಎಂಟು ಹೆಜ್ಜೆ ಉತ್ತರಕ್ಕೆ ಹೋಗಿ ಒಂದು ಹೆಜ್ಜೆ ಪೂರ್ವಕ್ಕೆ ಇಟ್ಟಿದ್ದ. ಮುನ್ಶಿಗಳು ಕೊಡೆ ಅಲ್ಲಾಡುವ ಹಾಗೆ ನಕ್ಕಿದ್ದರು. ಅಲ್ಲೋ ಗಧೇ, ಪಶ್ಚಿಮಕ್ಕ! ಅಡ್ಡಾದ್ದು ಉದ್ದ ಆಗ್ತದ, ಉದ್ದಾದ್ದು ಅಡ್ಡ ಆಗ್ತದ, ಖರೆ. ಆದರ ಎರಡರಾಗ ಒಂದು ದಿಕ್ಕು ತಿರಗಲೇಬೇಕು. ಒಂದೂ ತಿರಗಲಿಲ್ಲ ಅಂದ್ರ ಮೂಲಿ ಕೂಡಂಗಿಲ್ಲ. ಗುಣಿಸಿ ನೋಡು, ಮನಫೀ ಏಕ್, ಮೈನಸ್ ಒಂದು ಬರಬೇಕು. ಅಂದರೆ ಇಪ್ಪತ್ತು ವರ್ಷದ ಹಿಂದೆಯೂ ಇದೇ ತಪ್ಪು, ಇದೇ ಹೊಲ, ಇದೇ ಒಂದು ಹೆಜ್ಜೆ. ಆಗ ನಕ್ಕು ತಿದ್ದುವವರು ಇದ್ದರು.

ನಂಬದಿದ್ದರೆ ಎಂದು ಮುನ್ಶಿಗಳು ಹಗ್ಗ ತೆಗೆಯುತ್ತಿದ್ದರು. ಸೆಣಬಿನ ಹಗ್ಗ, ಎರಡೂ ತುದಿ ಕೂಡಿಸಿ ಬಳೆಯಂತೆ ಮಾಡಿದ್ದು, ಸಮ ಅಂತರಕ್ಕೆ ಹನ್ನೆರಡು ಗಂಟು. ಒಂದು ಬದಿಗೆ ಮೂರು ಗಂಟಿನ ದೂರ, ಒಂದು ಬದಿಗೆ ನಾಲ್ಕು, ಉಳಿದ ಬದಿಗೆ ಐದು ಬರುವಂತೆ ಮೂವರು ಬಿಗಿಯಾಗಿ ಹಿಡಿದರೆ, ಮೂರೂ ನಾಲ್ಕೂ ಕೂಡುವ ಮೂಲೆ ಲಂಬ. ಅದಕ್ಕೆ ಓದು ಬೇಡ, ಸಹಿ ಬೇಡ. ಹಗ್ಗ ಹಿಗ್ಗಿದ್ರ ಹ್ಯಾಂಗ್ರೀ ಮುನ್ಶೀಜಿ ಎಂದು ಪೀರ್ಯಾ ಕೇಳಿದ್ದ. ಭಲೇ ಎಂದಿದ್ದರು. ಎಲ್ಲಾ ಗಂಟು ಒಂದೇ ಸಮ ಹಿಗ್ಗಿದ್ರ ಮೂಲಿಗಿ ಏನೂ ಆಗಂಗಿಲ್ಲ ಬೇಟಾ. ಹೊಲ ದೊಡ್ಡದಾಗಬಹುದು, ಸಣ್ಣದಾಗಬಹುದು, ಮೂಲಿ ಸುಳ್ಳು ಹೇಳಂಗಿಲ್ಲ. ಊರಿನ ಯಾವ ಬಾವಿಗೂ ಇಳಿಸದ ಹುಡುಗನಿಗೆ ಅವರು ಪಾಠ ಮುಗಿದ ಮೇಲೆ ತಮ್ಮ ಬಾವಿಯ ನೀರು ಸೇದಿ ಕುಡಿಯಲು ಹೇಳುತ್ತಿದ್ದರು. ನೀನೇ ಸೇದು, ಕೈ ಅದಾವಲ್ಲ ಎನ್ನುತ್ತಿದ್ದರು. ಮುಂದೆ ಅವನ ಹಿಂದಿನಿಂದ ಕೇರಿಯ ಹೆಂಗಸರೂ ಕೊಡ ತಂದರು, ಮುನ್ಶಿಗಳು ಬೇಡವೆನ್ನಲಿಲ್ಲ. ಪೊಲೀಸ್ ಆಕ್ಷನ್ ಆಗಿ ಎಂಟನೆಯ ದಿನ, ಕಂಡಕಂಡವರೆಲ್ಲ ಕತ್ತಿ ಹಿಡಿದು ಮುಸಲ್ಮಾನರ ಮನೆ ಹುಡುಕುತ್ತ ತಿರುಗುತ್ತಿದ್ದಾಗ, ಅದೇ ಮುನ್ಶಿಗಳು ಕೇರಿಯ ತುದಿಯ ಹುಣಸೆಗಿಡದ ಕೆಳಗೆ ಬಂದು ನಿಂತಿದ್ದರು, ತಲೆಯ ಮೇಲೆ ಟೊಪ್ಪಿಗೆ ಇಲ್ಲದೆ. ನಿಮ್ಮ ಕೇರಿಗೆ ಯಾರೂ ಕಾಲಿಡಂಗಿಲ್ಲ ಬೇಟಾ, ನಾಕು ದಿನ ಇರ್ತೀನಿ ಎಂದಿದ್ದರು. ಅವ್ವನ್ನ ಕೇಳಿ ಬರ್ತೀನ್ರಿ ಎಂದು ಪೀರಪ್ಪ ಒಳಗೆ ಹೋದ. ಕೇಳಲಿಲ್ಲ. ಬಾಗಿಲ ಹಿಂದೆ ನಿಂತ, ಒಲೆಯ ಹೊಗೆಗೆ ಕಣ್ಣುಜ್ಜಿಕೊಂಡ, ನೂರು ಎಣಿಸಿದ, ಹೊರಗೆ ಬಂದಾಗ ಹುಣಸೆಯ ಕೆಳಗೆ ಯಾರೂ ಇರಲಿಲ್ಲ. ಆಮೇಲೆ ಯಾರೂ ಅವರನ್ನು ಕಾಣಲಿಲ್ಲ. ಅವ್ವ ಗುಂಡಮ್ಮ ಸಾಯುವ ಮುಂಚೆ ಒಂದು ದಿನ ಅವನ ಬಾಯಿಂದ ಇದನ್ನು ಕೇಳಿ ಎದ್ದು ಕೂತಳು. "ಕೇಳಿದ್ರ ನಾ ಒಲ್ಲೆ ಅಂತಿದ್ನೇನೋ? ದರ್ಗಾಕ್ಕ ಹರಕಿ ಹೊತ್ತು ಹಡದೀನಿ ನಿನ್ನ. ನಿನ್ನ ಹೆಸರೇ ಪೀರಂದು."

ಕಮಲಾಪುರದಲ್ಲಿ ದೌಲಪ್ಪ ಕಟ್ಟೆಯ ಮೇಲೆ ಜಮಖಾನೆ ಹಾಸಿಸಿ ಕಾಯುತ್ತಿದ್ದ. ಚಹ ಬರುವ ಮುಂಚೆಯೇ ಪೀರಪ್ಪ ನನಗ ಬ್ಯಾಡ್ರಿ, ಹೊಟ್ಟಿ ಸರಿ ಇಲ್ಲ ಎಂದುಬಿಟ್ಟು ಜೀಪಿನ ನೆರಳಿಗೆ ಸರಿದ. ಯಾವ ಬಟ್ಟಲಲ್ಲಿ ಕೊಡಬೇಕೆಂದು ಒಳಗೆ ನಡೆಯುವ ಪಿಸುಮಾತನ್ನು ಹೀಗೆ ತಪ್ಪಿಸಬಹುದು. ಇದು ಅವನೇ ಕಂಡುಹಿಡಿದ ಉಪಾಯ, ಎಂಟು ಹತ್ತು ಹಳ್ಳಿಗಳಲ್ಲಿ ಅವನ ಹೊಟ್ಟೆ ಸರಿಯಿಲ್ಲವೆಂದು ಪ್ರಸಿದ್ಧಿ. ಹೊಲಕ್ಕೆ ಹೋದಾಗ ಜೈನಾಬಿ ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಇವನನ್ನು ಕಂಡವಳೇ ಎದ್ದು ಎರಡೂ ಕೈಯಿಂದ ಅವನ ಮುಖ ನೇವರಿಸಿ ತನ್ನ ಹಣೆಗೆ ಬೆರಳು ಲಟಿಕೆ ಮುರಿದಳು. "ಬಂದ್ಯಾ ಪೀರ್ಯಾ? ನೀ ಬರ್ತೀ ಅಂದ ಮ್ಯಾಲ ನನಗ ಚಿಂತಿ ಇಲ್ಲ ಬಿಡು. ಎಷ್ಟು ಬಡಕಲಾಗೀ! ಮೊದಲು ನೀರು ಕುಡಿ." ಅವಳೇ ಸೇದಿ ಕೊಟ್ಟಳು. ತಣ್ಣಗಿನ ನೀರು. ಬಾವಿಯ ಆಚೆ ಬಾಳೆಯ ಸಾಲು, ಕೆಂಪು ದಿಂಡು, ಗೊನೆಯ ಭಾರಕ್ಕೆ ಬಾಗಿದ ಗಿಡಗಳಿಗೆ ಕವೆಗೋಲು. ಇವುಗಳನ್ನೇ ಮಾರಿ ಆಕೆ ಈ ನಾಲ್ಕು ವರ್ಷ ಯಾರ ಮುಂದೂ ಕೈಚಾಚದೆ ಬದುಕಿದ್ದಾಳೆ. ಪೀರಪ್ಪನಿಗೆ ನೀರು ನೆತ್ತಿಗೆ ಹತ್ತಿ ಕೆಮ್ಮು ಬಂತು, ಜೈನಾಬಿ ಅವನ ನೆತ್ತಿ ತಟ್ಟಿದಳು.

ರಸ್ತೆಯ ಬದಿಯ ಹಳೆಯ ಕಲ್ಲೊಂದೇ ಉಳಿದಿತ್ತು; ಆ ತುದಿಯದನ್ನು ಗದ್ದಲದ ಕಾಲದಲ್ಲಿ ಯಾರೋ ಕಿತ್ತಿದ್ದರು. ಅಣವೀರಪ್ಪನವರು ಕಂಪಾಸು ನೋಡಿ, "ಓದಪಾ" ಎಂದರು. ಪೀರಪ್ಪ ಓದಿದ. ಕಲ್ಲಿನಿಂದ ಉತ್ತರಕ್ಕೆ ಎಂಬತ್ತು ಗಜ, ಪೂರ್ವಕ್ಕೆ ಹತ್ತು. ಓದುವಾಗ ತನ್ನದೇ ದನಿ ಬೇರೆಯವರ ದನಿಯಂತೆ ಕೇಳಿತು. ಎಷ್ಟು ಸ್ಪಷ್ಟ, ಎಷ್ಟು ಸರಕಾರಿ. ಪಶ್ಚಿಮಕ್ಕೆ ಎಂದು ಓದಿದರೆ? ಒಂದು ಶಬ್ದ. ಆದರೆ ಶೀಟು ಅಣವೀರಪ್ಪನವರ ಕಣ್ಣೆದುರಿಗೇ ಬಿಚ್ಚಿತ್ತು. ಮಾಪಣ್ಣ ಸರಪಳಿ ಎಳೆದುಕೊಂಡು ಹೋಗಿ, ಬಾವಿಯ ಆಚೆ ಆರು ಗಜಕ್ಕೆ, ಬಾಳೆಯ ಮೊದಲ ಸಾಲಿನ ಬೇರಿನಲ್ಲಿ ಗೂಟ ಹೊಡೆದ. ಮುಂದೆ ನೂರಾ ಅರವತ್ತಕ್ಕೆ ಇಪ್ಪತ್ತು, ಅಲ್ಲೊಂದು ಗೂಟ. ಕಲ್ಲಿನಿಂದ ಗೂಟಗಳ ಗುಂಟ ದಾರ ಬಿಗಿದರು.  ಬಾವಿ ದಾರದ ಆಚೆಗಿತ್ತು.

ಮೊದಲು ಬಾಯಿ ಬಿಟ್ಟವನು ದೌಲಪ್ಪನೇ. "ಬಾವಿ ನಮ್ಮ ಕಡಿ ಬಂತೇನ್ರಿ ಸಾಹೇಬ್ರ?" ಅವನ ದನಿಯಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಿತ್ತು. "ನಮ್ಮ ಅಪ್ಪನ ಕಾಲದಿಂದ ಅದು ಮುನ್ಶೀದೇ ಅಂತ ಇತ್ತು. ಒಂಟಿ ಹೆಂಗಸಿನ ಬಾವಿ, ನಾಳಿ ನಾ ಕಸಗೊಂಡೆ ಅಂತ ಊರು ಅನಬಾರದು. ಪೀರಪ್ಪಾ, ನೀ ಬರದಾವ. ಸರಿ ಅದ ಏನೋ?"

ಪೀರಪ್ಪ ಬಾಯಿ ತೆರೆದ. ಅಷ್ಟರಲ್ಲಿ ಜೈನಾಬಿ ಗುಡಿಸಲಿನೊಳಗೆ ಹೋದವಳು ಹೊರಗೆ ಬಂದಳು, ಕೈಯಲ್ಲಿ ಹಗ್ಗ. ಆ ಹಗ್ಗವೇ. ಗಂಟುಗಳು ಕೈಯ ಎಣ್ಣೆ ಕುಡಿದು ಕಪ್ಪಾಗಿದ್ದವು. "ಜಗಳಲ್ಲ ಸಾಹೇಬ್ರ, ತಕರಾರಲ್ಲ," ಎಂದಳು, ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ. "ಅವ್ರು ಇದರಲೇ ಹಿಡೀತಿದ್ರು. ಆ ಕಲ್ಲಿನ ಹತ್ರ ಒಮ್ಮಿ ಹಿಡದು ನೋಡ್ರಿ, ನನ್ನ ಸಮಾಧಾನಕ್ಕ. ಪೀರ್ಯಾಗ ಬರ್ತದ."

ಮಾಪಣ್ಣ ಆಗಲೇ ಹಗ್ಗಕ್ಕೆ ಕೈ ಚಾಚಿದ್ದ. ರಸ್ತೆಯ ಗುಂಟ ನಾಲ್ಕು ಗಂಟು, ದಾರದ ಗುಂಟ ಮೂರು. ಐದು ಕೂಡುವುದಿಲ್ಲ, ಹಗ್ಗ ಜೋತುಬೀಳುತ್ತದೆ, ದನ ಕಾಯುವವನಿಗೂ ತಿಳಿಯುತ್ತದೆ. ಪೀರಪ್ಪ ಏನೂ ಹೇಳಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು, ಹಗ್ಗವೇ ಹೇಳುತ್ತದೆ. ಸುಮ್ಮನಿರುವುದು ಅವನಿಗೆ ಬರುವ ವಿದ್ಯೆ, ಜನ್ಮದಲ್ಲಿ ಒಮ್ಮೆ ಅದು ಒಳ್ಳೆಯದಕ್ಕೆ ಒದಗಿತ್ತು. ಅಣವೀರಪ್ಪನವರು ಅವನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಬೆವರಿತ್ತು, ಹಣೆಯ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು, ಕಣ್ಣು ಬೇಡುತ್ತಿತ್ತು. ಅವರ ಸಹಿಯೂ ಅದರ ಮೇಲಿದೆ. ಅವರಿಗೂ ತಿಳಿದಿದೆ, ಜೀಪಿನಲ್ಲೇ ತಿಳಿದಿದೆ. "ನೀನೇ ಹೇಳಪಾ," ಎಂದರು ಮೆಲ್ಲಗೆ. "ನೀ ಆ ಮುನ್ಶೀ ಶಿಷ್ಯ. ಆ ಹಗ್ಗ ನಡೀತದೇನು?"

ಕಾಯಿಯೊಳಗಿನ ನೀರು ಅಲ್ಲಾಡಿದ ಸದ್ದು ಪೀರಪ್ಪನಿಗೆ ಕೇಳಿಸಿತು. ಬಾಗಿಲ ಹಿಂದಿನ ಹೊಗೆ ಕಣ್ಣಿಗೆ ಬಂತು. ಒಂದು, ಎರಡು, ಮೂರು ಎಂದು ಯಾರೋ ಎಣಿಸುತ್ತಿದ್ದರು.

"ಹಗ್ಗ ಹಳೇದಾಗ್ಯಾದ ಚಾಚಿ," ಎಂದ. "ಹಿಗ್ಗ್ಯಾದ. ಹಿಗ್ಗಿದ ಹಗ್ಗದಾಗ ಮೂಲಿ ಸರಿ ಬರಂಗಿಲ್ಲ."

ಅಂದವನು ತಾನೇ ಎಂದು ತಿಳಿಯಲು ಅವನಿಗೆ ತುಸು ಹೊತ್ತು ಬೇಕಾಯಿತು. ಜೈನಾಬಿ ಹಗ್ಗವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಯ್ಯುತ್ತಾಳೆ, ಈಗ ಬಯ್ಯುತ್ತಾಳೆ, ಬಯ್ಯಲಿ ದೇವರೇ ಎಂದು ಅವನು ಕಾದ. ಅವಳು ಒಂದು ಗಂಟನ್ನು ಹೆಬ್ಬೆರಳಿನಿಂದ ಒತ್ತಿದಳು. "ಹೌದೇನೋ?" ಎಂದಳು. "ಹಂಗಾದ್ರ ಅವ್ರು ಇಷ್ಟು ವರ್ಷ ತಪ್ಪೇ ಅಳದಾರೇನಪಾ? ನನಗ ಏನು ತಿಳೀತದ, ನೀ ಓದಿದಾವ. ನೀ ಸುಳ್ಳು ಹೇಳ್ತೀಯೇನು?" ಆಮೇಲೆ ದಾರದ ಹತ್ತಿರ ಹೋಗಿ, ಅದನ್ನು ದಾಟದೆ, ಈಚೆಗೇ ನಿಂತು, ದೌಲಪ್ಪನ ಕಡೆಗೆ ಕೈ ಜೋಡಿಸಿದಳು. "ಮಾಫ್ ಮಾಡ್ರಿ ಗೌಡ್ರ. ನಿಮ್ಮ ನೆಲದಾಗ ಇಷ್ಟು ವರ್ಷ ನೀರು ಸೇದೀವಿ. ಗೊತ್ತಿರಲಿಲ್ಲ. ಅವ್ರೂ ಬೇಕಂತ ಮಾಡಿದ್ದಲ್ಲ, ಅವ್ರ ಮ್ಯಾಲ ಸಿಟ್ಟು ಇಟಗೋಬ್ಯಾಡ್ರಿ."

ದೌಲಪ್ಪ, "ಅಯ್ಯ, ಹಂಗ್ಯಾಕ ಬೂಬಮ್ಮ," ಎಂದು ತಲೆಯ ಪಟಗದ ತುದಿಯಿಂದ ಮುಖ ಒರೆಸಿಕೊಂಡ. ಅಣವೀರಪ್ಪನವರು ಕಾಗದ ಚಾಚಿದರು, ಅವಳು ಹೆಬ್ಬೆಟ್ಟು ಒತ್ತಿದಳು. ಕಲ್ಲು ನೆಡಲು ಮಾಪಣ್ಣ ಕುಣಿ ತೋಡತೊಡಗಿದ. ಊಟ ದೌಲಪ್ಪನ ಮನೆಯಲ್ಲಿ; ನೀ ಬಸ್ಸಿಗೆ ಹೋಗಿಬಿಡಪಾ, ಹೊಟ್ಟಿ ಸರಿ ಇಲ್ಲಲ್ಲ ಎಂದರು ಅಣವೀರಪ್ಪನವರು, ಮತ್ತೆ ಹತ್ತಿರ ಬಂದು ಅವನ ಭುಜ ಮುಟ್ಟಿ, ಇಷ್ಟು ದಿನದಲ್ಲಿ ಮೊದಲ ಸಲ ಮುಟ್ಟಿ, "ನಿನ್ನ ಕಾಯಂ ಆತು ಅಂತ ತಿಳಿ," ಎಂದರು. ಜೈನಾಬಿ ಆ ಮಾತನ್ನು ಕೇಳಿಸಿಕೊಂಡು ಅವನಿಗಿಂತ ಹೆಚ್ಚು ಹಿಗ್ಗಿದಳು. ಹಣ್ಣಾದ ಎರಡು ಚಿಪ್ಪು ಕೆಂಪು ಬಾಳೆ ಕೊಯ್ದು, ಒಯ್ಯಲು ಅನುಕೂಲವಾಗಲಿ ಎಂದು ಆ ಹಗ್ಗದಿಂದಲೇ ಕಟ್ಟಿದಳು. "ಹೆಂಗೂ ಹಾಳಾಗ್ಯಾದ ಅಂದ್ಯಲ್ಲ. ಶೇವಂತಾಗ ಕೊಡು. ಬರೋ ವರ್ಷ ಈ ಗಿಡ ಇರ್ತಾವೋ ಇಲ್ಲೋ."

ಬಸ್ಸಿನ ಕಟ್ಟೆ ಬೇವಿನ ಗಿಡದ ಕೆಳಗಿತ್ತು, ಹುಮನಾಬಾದಿನ ಕಡೆಯಿಂದ ಬರುವ ಬಸ್ಸು ಇನ್ನೂ ಬಂದಿರಲಿಲ್ಲ. ಪೀರಪ್ಪ ಕೂತ, ಎದ್ದ, ಮತ್ತೆ ಕೂತ. ಕೊನೆಗೆ ಬಾಳೆಯ ಕಟ್ಟು ಬಿಚ್ಚಿ ಹಗ್ಗ ತೆಗೆದ. ಕಟ್ಟೆಯ ಮೂಲೆಯನ್ನು ಕಲ್ಲುಕುಟಿಗ ಮೂಲೆಮಟ್ಟ ಇಟ್ಟು ಕಡಿದಿದ್ದ, ನಿಖರವಾದ ಮೂಲೆ. ಹಿಡಿಯಲು ಮೂವರಿಲ್ಲ. ಒಂದು ಗಂಟಿಗೆ ತನ್ನ ಚಪ್ಪಲಿ, ಒಂದು ಗಂಟಿಗೆ ಬಾಳೆಯ ಚಿಪ್ಪು, ಮೂಲೆಗೆ ಶೀಟಿನ ನಳಿಗೆ ಇಟ್ಟು ಹಗ್ಗ ಬಿಗಿದ. ಮೂರು, ನಾಲ್ಕು, ಐದು. ಹಗ್ಗ ಎರಡೂ ಅಂಚಿಗೆ ಅಂಟಿ ಕೂತಿತು. ಒಂದು ಕೂದಲಿನಷ್ಟೂ ಆಚೆ ಈಚೆ ಇಲ್ಲ. ಗೊತ್ತಿತ್ತು. ಗೊತ್ತಿದ್ದೇ ನೋಡಿದ. ಹಗ್ಗವನ್ನೂ ನಳಿಗೆಯನ್ನೂ ಎತ್ತಿಕೊಂಡು, ಬಾಳೆಯನ್ನು ಅಲ್ಲೇ ಬಿಟ್ಟು, ಬಂದ ದಾರಿಯಲ್ಲಿ ಓಡಿದ. ಹೇಳುತ್ತೇನೆ. ಹೋಗಲಿ ನೌಕರಿ. ಯಂಕಪ್ಪ ಹೊರುವುದಿಲ್ಲವೇ ಮೂಟೆ? ಹೇಳುತ್ತೇನೆ, ಗೆರೆ ಸುಳ್ಳು ಚಾಚಿ, ಹಗ್ಗ ಸುಳ್ಳಲ್ಲ ಎನ್ನುತ್ತೇನೆ, ಹುಣಸೆಗಿಡದ ಮಾತನ್ನೂ ಹೇಳಿಬಿಡುತ್ತೇನೆ.

ಹೊಲದಲ್ಲಿ ಸಾಹೇಬರ ಜೀಪು ಇರಲಿಲ್ಲ. ಬಾಳೆಯ ಬೇರಿನಲ್ಲಿ ಹೊಸ ಕಲ್ಲು ನಿಂತಿತ್ತು, ಸುತ್ತ ಹಸಿಮಣ್ಣು. ಜೈನಾಬಿ ಬಾವಿಯ ಮೇಲಿನ ತನ್ನ ರಾಟೆ ಬಿಚ್ಚುತ್ತಿದ್ದಳು. ಬಕೆಟ್ಟು, ಸೇದುವ ಹಗ್ಗ ಆಗಲೇ ಕಲ್ಲಿನ ಈಚೆಗೆ ಬಂದಿದ್ದವು. ದಾರಿಯ ಮೇಲೆ ಕೇರಿಯ ಇಬ್ಬರು ಹೆಂಗಸರು ಖಾಲಿ ಕೊಡ ಹಿಡಿದು, ಹತ್ತಿರ ಬರಲೋ ಬೇಡವೋ ಎಂದು ತಿಳಿಯದೆ, ನಿಂತಿದ್ದರು. ಪೀರಪ್ಪನನ್ನು ಕಂಡು ಜೈನಾಬಿ ರಾಟೆಯನ್ನು ಕೆಳಗಿಟ್ಟಳು.

"ಬಸ್ಸು ತಪ್ಪಿತೇನೋ? ಎಷ್ಟು ಬೆವತೀ, ಬಾಯಿ ಒಣಗ್ಯಾದ," ಎಂದಳು.

"ಚಾಚಿ," ಎಂದ ಪೀರಪ್ಪ. ಮುಂದಿನದು 'ಗೆರಿ' ಎಂಬ ಮಾತು. ಅದು ನಾಲಿಗೆಯ ಮೇಲಿತ್ತು. ಅವಳು ಕಾದಳು. ಕೊಡ ಹಿಡಿದ ಹೆಂಗಸರು ಕಾದರು. ದೂರದಲ್ಲಿ ಬಸ್ಸಿನ ಸದ್ದು ಕೇಳಿಸಿತು. "ನೀರು..." ಎಂದ ಅವನು.

"ಇಷ್ಟಕ್ಕ ಓಡಿ ಬಂದ್ಯೇನು ಹುಚ್ಚಾ?" ಜೈನಾಬಿ ನಕ್ಕು ಬಕೆಟ್ಟಿಗೆ ಕೈ ಹಾಕಿದವಳು ಹೊಸ ಕಲ್ಲನ್ನು ನೋಡಿ ಕೈ ಹಿಂದೆ ತೆಗೆದಳು. ಸೆರಗು ಸರಿಮಾಡಿಕೊಂಡಳು. "ಇಲ್ಲೇ ನಿಂದರು," ಎಂದಳು, "ದೌಲಪ್ಪನವ್ರನ್ನ ಕೇಳಿ ಬರ್ತೀನಿ."

ಅವಳು ಹೋದಳು. ಪೀರಪ್ಪ ಹಗ್ಗ ಹಿಡಿದು ನಿಂತ.